ಫೋನು, ನೀಲಿ ಎಲ್‌ಇಡಿ ಮತ್ತು ಅಡಿಕೆ ಬಾಯಿ: ನನ್ನ ಅನುಭವ

ಹೋದ ತಿಂಗಳು ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬಯಾಪ್ಸಿ ರಿಪೋರ್ಟ್ ಬಂತು: ಮಾಡರೇಟ್ ಡಿಸ್‌ಪ್ಲೇಸಿಯಾ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಜೀವಕೋಶ ಬದಲಾವಣೆ, ಮಧ್ಯಮ ಹಂತದ್ದು. ಅಡಿಕೆ ಸುಲಿಯುವ ಹೆಂಗಸು, ವಯಸ್ಸು ಐವತ್ತರ ಮೇಲೆ. ಕೆಳಗಿನ ಕೊನೆಯ ದವಡೆ ಹಲ್ಲಿನ ಪಕ್ಕ, ಕೆನ್ನೆ ಒಸಡಿಗೆ ಸೇರುವ ಸಂದಿ. ಚೇರಿನ ಲೈಟಿನಲ್ಲಿ ಸ್ವಲ್ಪ ಕೆಂಪು, ಅಷ್ಟೇ. ಫೋನಿಗೆ ನಾನೇ ಜೋಡಿಸಿದ ನೀಲಿ ಬೆಳಕಿನಲ್ಲಿ ಸುತ್ತೆಲ್ಲ ತಿಳಿ ಹಸಿರು, ಅಲ್ಲಿ ಮಾತ್ರ ಉಗುರಿನಷ್ಟು ಜಾಗ ಕಪ್ಪು. "ಫೋನಿಗೆ ಟಾರ್ಚ್ ಕಟ್ಕೊಂಡು ಕ್ಯಾನ್ಸರ್ ಹುಡುಕ್ತಾರಂತೆ" ಅಂದವರೇ ಈಗ ಫಿಲ್ಟರ್ ಎಲ್ಲಿ ಸಿಗುತ್ತೆ ಎಂದು ಕೇಳುತ್ತಿದ್ದಾರೆ.

ಇದಕ್ಕೆ ಆಟೋಫ್ಲೋರೆಸೆನ್ಸ್ ಅಂತಾರೆ: ನೀಲಿ ಬೆಳಕು ಬಿದ್ದರೆ ಬಾಯಿಯ ಒಳ್ಳೆಯ ಜಾಗ ತಾನಾಗಿ ಹಸಿರು ಹೊಳೆಯುತ್ತದೆ, ಕೆಟ್ಟ ಜಾಗ ಕಪ್ಪಾಗಿ ಕಾಣುತ್ತದೆ. ಅದನ್ನು ನೋಡುವ ರೆಡಿ ಯಂತ್ರದ ಬೆಲೆ ಕೇಳಿದರೆ ಲಕ್ಷಗಳಲ್ಲಿ ಹೇಳಿದರು. ಚನ್ನಗಿರಿ ಕಡೆಯ ಕ್ಲಿನಿಕ್ಕಿಗೆ ಅದು ಆಗದ ಮಾತು. ಬೆಂಗಳೂರಿನ ವೈದ್ಯರು ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರ ಜೊತೆ ಸೇರಿ ಫೋನಿಗೇ ಜೋಡಿಸುವ ಇಂಥ ಸಾಧನ ಮಾಡಿದ್ದನ್ನು ಓದಿದ ಮೇಲೆ ನಾನೂ ಕೈ ಹಾಕಿದೆ.

ಮೊದಲು ನೋಟು ಪರೀಕ್ಷಿಸುವ ಟಾರ್ಚು, ಮೇಲೆ ಹಳದಿ ಅಕ್ರಿಲಿಕ್ ಶೀಟು. ಶೀಟೇ ಹಸಿರಾಗಿ ಹೊಳೆಯಿತು! ಬಾಯಿಯ ಹಸಿರು ಯಾವುದು, ಶೀಟಿನದು ಯಾವುದು ತಿಳಿಯಲಿಲ್ಲ. ಆಮೇಲೆ ಒಬ್ಬ ವ್ಯಾಪಾರಿ 475ರ ಲಾಂಗ್‌ಪಾಸ್ (ನೀಲಿಯನ್ನು ತಡೆದು ಹಸಿರು, ಕೆಂಪನ್ನು ಬಿಡಬೇಕಾದ ಫಿಲ್ಟರ್) ಎಂದು ಕೊಟ್ಟದ್ದರಲ್ಲಿ ನೀಲಿ ಸರಾಗವಾಗಿ ದಾಟುತ್ತಿತ್ತು. ಹಣ ವಾಪಸ್ ಬರಲಿಲ್ಲ. ಕೊನೆಗೆ ಗಾಜಿನ ಫಿಲ್ಟರ್ ತಂದೆ, ಅದೊಂದಕ್ಕೇ ಐದಾರು ಸಾವಿರ. 405 ನ್ಯಾನೋಮೀಟರ್‌ನ ಎಲ್‌ಇಡಿಗಳು ಅಗ್ಗ, ಕೆಲವು ನೂರು. ಹಾಳಾದದ್ದೂ ಸೇರಿ ಇಪ್ಪತ್ತು ಸಾವಿರ ದಾಟಿರಬಹುದು. ಈಗ ಹೊಸದಾಗಿ ಕಟ್ಟಿದರೆ ಒಂಬತ್ತು, ಹತ್ತು ಸಾವಿರದಲ್ಲಿ ಮುಗಿಯುತ್ತದೆ.

ಜಾಸ್ತಿ ಕಾಡಿದ್ದು ಫೋನು. ಕತ್ತಲೆ ಕಂಡರೆ ಸಾಕು, ತಾನಾಗಿ ಬೆಳಕು ಏರಿಸಿ ಆ ಕಪ್ಪು ಜಾಗವನ್ನೇ ಅಳಿಸಿಹಾಕುತ್ತದೆ. ಐಎಸ್‌ಒ, ಶಟರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ, ಎಲ್ಲರಿಗೂ ಅದೇ ಅಂಕಿ ಇಡಿ. ಕ್ಯಾಂಪಿನಲ್ಲಿ ಶಾಲೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ. ರೋಗಿಯ ಕಣ್ಣಿಗೆ ಕನ್ನಡಕ ಹಾಕದೆ ಲೈಟ್ ಹಚ್ಚಬೇಡಿ. ಎಂಜಲಿನ ಮಿಂಚು ಹೋಗಲು ಎಲ್‌ಇಡಿಗಳನ್ನು ಯಾವ ಕೋನದಲ್ಲಿ ಕೂರಿಸಿದ್ದೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ, ಅದಕ್ಕೆ ತುಂಬಾ ಒದ್ದಾಡಿದ್ದೇನೆ.

ಇನ್ನು ಬಾಯಿ. ಊಟ ಮಾಡಿ ಬಂದವರಲ್ಲಿ ಅರಿಸಿನ ಹಳದಿ‑ಹಸಿರಾಗಿ ಹೊಳೆಯುತ್ತದೆ. ಎಲೆ ಅಡಿಕೆ ಹಾಕಿದವರಲ್ಲಿ ವೀಳ್ಯದೆಲೆಯ ಚೂರು ಕಡುಗೆಂಪು. ಕುತೂಹಲಕ್ಕೆ ಒಂದು ಎಲೆಯನ್ನು ಸ್ಪಿರಿಟ್ಟಿನಲ್ಲಿ ಅರೆದು ನೋಡಿದೆ. ಹಸಿರು ರಸ ನೀಲಿ ಬೆಳಕಿಗೆ ರಕ್ತದ ಹಾಗೆ ಕೆಂಪಾಯಿತು. ಕ್ಲೋರೋಫಿಲ್ ಅಲ್ವಾ! ನಾಲಿಗೆ ಮೇಲೂ ಹಲ್ಲಿನ ಪಾಚಿಯಲ್ಲೂ ಬ್ಯಾಕ್ಟೀರಿಯಾದ ಪೋರ್ಫಿರಿನ್ ಎಂಬ ಬಣ್ಣದ್ರವ್ಯದಿಂದ ಕಿತ್ತಳೆ‑ಕೆಂಪು ಬರುತ್ತದೆ, ಅದಕ್ಕೆ ಗಾಬರಿ ಬೇಡ. ಕಾಟ ಕೊಡುವುದು ಗುಟ್ಕಾ ಕಲೆ. ಅದು ಬೆಳಕು ಹೀರಿ ಕಪ್ಪಾಗಿಯೇ ಕಾಣುತ್ತದೆ. ಬಾಯಿ ಮುಕ್ಕಳಿಸಿ, ಗಾಜ್ ಬಟ್ಟೆಯಿಂದ ಒರೆಸಿ, ಆಮೇಲೆ ನೋಡಿ.

ಉರಿಯೂತವೂ ಕಪ್ಪೇ. ಗಾಜಿನ ಸ್ಲೈಡ್ ಒತ್ತಿ ನೋಡಿ. ರಕ್ತ ಸರಿದು ಹಸಿರು ಬಂದರೆ ಹೆಚ್ಚಾಗಿ ಉರಿಯೂತ. ಚುಚ್ಚುವ ಚೂಪು ಹಲ್ಲಿದ್ದರೆ ಅದನ್ನು ಉಜ್ಜಿ ನುಣುಪು ಮಾಡಿ, ಎರಡು ವಾರ ಬಿಟ್ಟು ಕರೆಯುತ್ತೇನೆ. ಒತ್ತಿದರೂ ಕಪ್ಪು ಉಳಿದರೆ, ಅಥವಾ ಎರಡು ವಾರದ ಮೇಲೂ ಇದ್ದರೆ, ಬಯಾಪ್ಸಿ. ಎಸ್‌ಎಂಎಫ್ (ಅಡಿಕೆಯಿಂದ ಕೆನ್ನೆಯ ಒಳಭಾಗ ಬಿಗಿಯಾಗುವ ರೋಗ) ಜಾಸ್ತಿಯಾದ ಬಾಯಿ ಎರಡು ಬೆರಳೂ ತೆರೆಯುವುದಿಲ್ಲ, ಫೋನಿಗೆ ಒಳಗಿನದು ಕಾಣುವುದೇ ಇಲ್ಲ. ಅಂಥವರಿಗೆ ಬಾಯೊಳಗೆ ಹೋಗುವ ಸಣ್ಣ ಇಂಟ್ರಾಓರಲ್ ಕ್ಯಾಮೆರಾಗೆ ಇದೇ ಫಿಲ್ಟರ್ ಅಂಟಿಸಿ ನೋಡುತ್ತಿದ್ದೇನೆ, ಇನ್ನೂ ಪೂರ್ತಿ ಹದಕ್ಕೆ ಬಂದಿಲ್ಲ.

ಬರೀ ಕಣ್ಣು ಸಾಕು ಎನ್ನುವವರು, ಜನರ ಬಾಯಿಯನ್ನು ಕಣ್ಣಿಂದಲೇ ತಪಾಸಣೆ ಮಾಡಿದ ಕೇರಳದ ಪ್ರಯೋಗ ತೋರಿಸುತ್ತಾರೆ. 2005ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು, ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದರಷ್ಟು ಇಳಿದಿತ್ತು. ಒಪ್ಪುತ್ತೇನೆ. ನಾನೂ ಮೊದಲು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿಯೇ ಲೈಟ್ ಹಚ್ಚುವುದು. ಆದರೆ ಅಗಲವಾದ ಬಿಳಿ ಮಚ್ಚೆಯಲ್ಲಿ ಬಯಾಪ್ಸಿಗೆ ಚೂರು ತೆಗೆಯುವ ಪಂಚ್ ಎಲ್ಲಿ ಹಾಕಬೇಕು? ಅಂಚು ಎಲ್ಲಿಗೆ ಮುಗಿಯುತ್ತದೆ? ಅದನ್ನು ಈ ಬೆಳಕಿನಷ್ಟು ಚೆನ್ನಾಗಿ ನನ್ನ ಕಣ್ಣು ಯಾವತ್ತೂ ತೋರಿಸಿಲ್ಲ.

ಪಂಚ್ ನಾನೇ ತೆಗೆದು ಫಾರ್ಮಲಿನ್ನಿನಲ್ಲಿ ದಾವಣಗೆರೆಗೆ ಕಳಿಸುತ್ತೇನೆ. ಲ್ಯಾಬಿನ ಖರ್ಚು ಸಾವಿರದ ಆಸುಪಾಸು, ಎಷ್ಟೋ ಸಲ ನಾನೇ ಕೊಡುತ್ತೇನೆ. "ಮುಂದಿನ ವಾರ ದುಡ್ಡು ತರ್ತೀನಿ ಡಾಕ್ಟ್ರೇ" ಅಂದವರಲ್ಲಿ ಅರ್ಧ ಜನ ವಾಪಸ್ ಬರುವುದಿಲ್ಲ. ಅದಕ್ಕೇ ಬಯಾಪ್ಸಿ ಬೇಕು ಅನ್ನಿಸಿದ ದಿನವೇ ತೆಗೆದುಬಿಡುತ್ತೇನೆ.