ತಪೋವನದ ದಾರಿ: ಕಲ್ಲು ಅಂದುಕೊಂಡು ಕಾಲಿಡಬೇಡಿ, ಕೆಳಗೆ ಮಂಜುಗಡ್ಡೆ ಇದೆ

ಗಂಗೋತ್ರಿಯಿಂದ ಗೋಮುಖಕ್ಕೆ, ಅಂದರೆ ಗಂಗೋತ್ರಿ ಹಿಮನದಿಯ ಕೆಳತುದಿಗೆ, 18 ಕಿಲೋಮೀಟರ್. ಅಲ್ಲಿಯವರೆಗೆ ದಾರಿ ಕಣ್ಣಿಗೆ ಕಾಣುತ್ತದೆ. ನಿಜವಾದ ಕಷ್ಟ ಅದರಾಚೆ, ಹಿಮನದಿ ದಾಟಿ ಮೇಲಿನ ತಪೋವನದ ಹುಲ್ಲುಗಾವಲಿಗೆ ಹತ್ತುವಾಗ.

ಮೊದಲು ಪರ್ಮಿಟ್ ಮಾಡಿಸಿ. ಇದು ಗಂಗೋತ್ರಿ ರಾಷ್ಟ್ರೀಯ ಉದ್ಯಾನ, ಗೋಮುಖದ ಕಡೆ ದಿನಕ್ಕೆ 150 ಜನರನ್ನಷ್ಟೇ ಬಿಡುತ್ತಾರೆ. ಮೇ-ಜೂನ್ ಅಥವಾ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಹೋಗಿ. ಮಳೆಗಾಲದಲ್ಲಿ ಬೇಡವೇ ಬೇಡ.

ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಗಂಗೋತ್ರಿ ಊರೇ 3,000 ಮೀಟರ್ ದಾಟಿದೆ. ಬಸ್ಸಿಳಿದ ಮರುದಿನವೇ ಹೊರಡಬೇಡಿ, ಎರಡು ರಾತ್ರಿ ಅಲ್ಲೇ ಇರಿ. ಆಮೇಲೆ ಚೀಡ್‌ಬಾಸಾ ದಾಟಿ ಭೋಜ್‌ಬಾಸಾದಲ್ಲಿ ಇನ್ನೊಂದು ರಾತ್ರಿ. ಇವೆರಡರ ನಡುವೆ ಮೇಲಿಂದ ಕಲ್ಲು ಉರುಳುವ ಜಾಗ ಸಿಗುತ್ತದೆ. ಅಲ್ಲಿ ಫೋಟೋ ಗೀಟೋ ಅಂತ ನಿಲ್ಲಬೇಡಿ. ತಲೆನೋವಿನ ಜೊತೆ ವಾಂತಿ, ತೂರಾಟ ಶುರುವಾದರೆ ಗ್ಯಾಸ್ಟ್ರಿಕ್ ಇರಬೇಕು ಅಂತ ಸಮಾಧಾನ ಮಾಡಿಕೊಳ್ಳದೆ ಕೆಳಗಿಳಿಯಿರಿ.

ಈಗ ಹಿಮನದಿ. ಸುಮಾರು 30 ಕಿಲೋಮೀಟರ್ ಉದ್ದದ ಈ ಮಂಜುಗಡ್ಡೆಯ ಕೆಳತುದಿ ಬೆಳ್ಳಗಿರುತ್ತದೆ ಅಂದುಕೊಂಡಿದ್ದೆ, ಹೋಗಿ ನೋಡಿದರೆ ಯಾರೋ ಕಲ್ಲುಕ್ವಾರಿಯ ಲೋಡು ತಂದು ಸುರಿದ ಹಾಗಿತ್ತು. ಆ ಕಲ್ಲು, ಧೂಳೆಲ್ಲ ಬರೀ ಹೊದಿಕೆ, ಅಡಿಯಲ್ಲಿರುವುದು ಗಟ್ಟಿ ಮಂಜು. ಕಲ್ಲಿನ ಬುಡ ಒದ್ದೆಯಾಗಿ ಕಪ್ಪಗಿದ್ದರೆ ಕೆಳಗೆ ಕರಗುತ್ತಿದೆ ಎಂದೇ ತಿಳಿಯಿರಿ, ಅದರ ಮೇಲೆ ಪೂರ್ತಿ ಭಾರ ಬಿಡಬೇಡಿ. ಕೋಲಿನಿಂದ ಒತ್ತಿ ನೋಡಿ, ಅಲುಗಾಡದಿದ್ದರೆ ಮಾತ್ರ ಮುಂದಿನ ಹೆಜ್ಜೆ. ಗೋಮುಖದ ಬಾಯಿಗೆ ಅಂಟಿಕೊಂಡು ಸೆಲ್ಫಿ ತೆಗೆಯುವವರನ್ನು ನೋಡಿ ನೀವೂ ಹೋಗಬೇಡಿ. ಮಂಜಿನ ಗೋಡೆ ಹೇಳಿ ಕೇಳಿ ಬೀಳುವುದಿಲ್ಲ.

ದಾರಿ ವರ್ಷ ವರ್ಷ ಬದಲಾಗುತ್ತದೆ, ಹೋದ ವರ್ಷದ ಜಿಪಿಎಸ್ ಗೆರೆ ನಂಬಬೇಡಿ. ಸ್ಥಳೀಯ ಗೈಡ್ ಬೇಕೇ ಬೇಕು. ಬೆಳಕು ಹರಿಯುವಾಗಲೇ ಹೊರಡಿ. ನಾನು ಟೀ ಕುಡಿದು, ಹರಟೆ ಹೊಡೆದು ತಡವಾಗಿ ಹೊರಟೆ, ಬೆಳಗ್ಗೆ ಹಾರಿ ದಾಟಬಹುದಾಗಿದ್ದ ತೊರೆ ಮಧ್ಯಾಹ್ನ ಮೊಣಕಾಲಿಗೆ ಬಂದಿತ್ತು. ಬಿಸಿಲೇರಿದಷ್ಟೂ ಮಂಜು ಕರಗುತ್ತದೆ, ನೀರು ಏರುತ್ತದೆ, ಅಷ್ಟೇ.

ಕೊನೆಯ ಕಡಿದಾದ ಏರು ಹತ್ತಿದರೆ ತಪೋವನ, ಸುಮಾರು 4,450 ಮೀಟರ್. ಹುಲ್ಲುಗಾವಲು, ಅಲ್ಲಲ್ಲಿ ಮೇಯುವ ಭರಲ್ ಎಂಬ ಕಾಡುಕುರಿಗಳು, ಎದುರಿಗೆ 6,543 ಮೀಟರಿನ ಶಿವಲಿಂಗ ಶಿಖರ. ಆ ಹುಲ್ಲು ಬೆಳೆಯುವುದಕ್ಕೆ ವರ್ಷದಲ್ಲಿ ಸಿಗುವುದು ಕೆಲವೇ ತಿಂಗಳು, ಹಾಗಾಗಿ ಟೆಂಟನ್ನು ಬರಿ ಮಣ್ಣಿರುವ ಕಡೆ ಹಾಕಿ. ಮ್ಯಾಗಿ ಪ್ಯಾಕೆಟ್ ವಾಪಸ್ ತನ್ನಿ. ಮಧ್ಯಾಹ್ನ ಮೋಡ ಮುಚ್ಚಿ ಶಿಖರ ಕಾಣದಿದ್ದರೆ ಗೈಡ್ ಮೇಲೆ ರೇಗಬೇಡಿ, ಸುಮ್ನೆ ಊಟ ಮಾಡಿ ಮಲಗಿ, ಬೆಳಗ್ಗೆ ಐದಕ್ಕೆ ಅಲಾರಂ ಇಡಿ.