ಟಿಎಸ್‌ಎಚ್ ಪರೀಕ್ಷೆ: ಗಂಡಸರು ಎಡವುವುದು ಕಾಫಿ ಲೋಟದ ಬಳಿ

‘ಥೈರಾಯ್ಡ್ ಹೆಂಗಸರ ಕಾಯಿಲೆ ಅಲ್ಲವೇ ಸ್ವಾಮಿ?’

ಹಾಸನದ ಔಷಧ ಅಂಗಡಿಯೊಂದರ ಕೌಂಟರಿನ ಹಿಂದೆ ನಿಂತು ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಕೇಳುವವರ ಕೈಯಲ್ಲಿ ಅವರದೇ ಹೆಸರಿನ ರಿಪೋರ್ಟ್ ಇರುತ್ತದೆ. ಹೆಂಗಸರಲ್ಲಿ ಈ ತೊಂದರೆ ಐದರಿಂದ ಎಂಟು ಪಟ್ಟು ಹೆಚ್ಚು, ನಿಜ. ಹಾಗಾಗಿಯೇ ಗಂಡಸರಲ್ಲಿ ಅದನ್ನು ಯಾರೂ ಹುಡುಕುವುದಿಲ್ಲ. ಸುಸ್ತು ಎಂದರೆ ವಯಸ್ಸಾಯಿತು, ತೂಕ ಏರಿದರೆ ಹೊರಗಿನ ಊಟ, ಮಲಬದ್ಧತೆಗೆ ಇಸಬ್‌ಗೋಲ್. ವರ್ಷಗಳು ಹೀಗೆಯೇ ಉರುಳುತ್ತವೆ.

ಮೊದಲ ಹೆಜ್ಜೆ, ಥೈರಾಯ್ಡ್ ಮಂದವೋ ಅತಿಯೋ ಎಂದು ತೋರಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಬೇಕೇ ಎಂದು ತೀರ್ಮಾನಿಸುವುದು. ಚಳಿ ತಡೆಯಲಾಗದಿರುವುದು, ದನಿ ಒಡೆದಂತಾಗುವುದು, ಮೀನಖಂಡ ಹಿಡಿದುಕೊಳ್ಳುವುದು, ಮಾತ್ರೆ ನುಂಗಿದರೂ ಇಳಿಯದ ಎಲ್‌ಡಿಎಲ್ ಕೊಲೆಸ್ಟ್ರಾಲ್: ಇವಿದ್ದರೆ ವೈದ್ಯರನ್ನು ಕೇಳಿ. ಗಂಡಸರು ಬಾಯಿ ಬಿಟ್ಟು ಹೇಳದ ಇನ್ನೊಂದು ಪಟ್ಟಿಯೂ ಇದೆ. ಕಾಮಾಸಕ್ತಿ ಕುಗ್ಗುವುದು, ನಿಮಿರುವಿಕೆಯಲ್ಲಿ ತೊಂದರೆ, ಮಕ್ಕಳಾಗದೆ ವೀರ್ಯ ಪರೀಕ್ಷೆ ಮಾಡಿಸಿದಾಗ ಏರುಪೇರು ಕಾಣುವುದು. ಥೈರಾಯ್ಡ್ ಮಂದವಾದರೆ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಅನ್ನು ಹೊತ್ತೊಯ್ಯುವ ಪ್ರೋಟೀನ್ ಇಳಿಯುತ್ತದೆ, ಅದರೊಂದಿಗೆ ಒಟ್ಟು ಟೆಸ್ಟೋಸ್ಟಿರಾನ್ ಅಂಕಿಯೂ ಇಳಿಯುತ್ತದೆ. ಜಿಮ್ಮಿನಲ್ಲಿ ಯಾರೋ ಹೇಳಿದರೆಂದು ಆ ಅಂಕಿಯೊಂದನ್ನೇ ಹಿಡಿದು ಇಂಜೆಕ್ಷನ್ ಕೇಳಲು ಬರುವವರಿಗೆ ನಾನು ಹೇಳುವುದು ಒಂದೇ: ಮೊದಲು ಟಿಎಸ್‌ಎಚ್ ನೋಡಿಸಿಕೊಂಡು ಬನ್ನಿ. ಹೊರಗಿನಿಂದ ಕೊಡುವ ಟೆಸ್ಟೋಸ್ಟಿರಾನ್ ವೀರ್ಯಾಣುಗಳ ಉತ್ಪಾದನೆಯನ್ನೇ ತಗ್ಗಿಸುತ್ತದೆ. ಮಗು ಬೇಕೆಂದಿರುವವರಿಗೆ ಅದಕ್ಕಿಂತ ಕೆಟ್ಟ ಅಡ್ಡದಾರಿ ಇನ್ನೊಂದಿಲ್ಲ.

ಎರಡನೆಯದು ರಕ್ತ ಕೊಡುವುದು. ಟಿಎಸ್‌ಎಚ್ ನಡುರಾತ್ರಿಯ ನಂತರ ಏರಿ ಮಧ್ಯಾಹ್ನಕ್ಕೆ ಇಳಿಯುತ್ತದೆ, ತಿಂಡಿ ತಿಂದರೂ ಕೊಂಚ ಇಳಿಯುತ್ತದೆ. ಒಮ್ಮೆ ಬೆಳಗ್ಗೆ ಏಳಕ್ಕೆ, ಇನ್ನೊಮ್ಮೆ ಊಟವಾದ ಮೇಲೆ ಮೂರಕ್ಕೆ ರಕ್ತ ಕೊಟ್ಟು ‘ಕಡಿಮೆಯಾಗಿದೆ’ ಎಂದು ಸಂತೋಷಪಡುವುದರಲ್ಲಿ ಅರ್ಥವಿಲ್ಲ. ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ, ಸಾಧ್ಯವಾದರೆ ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ. ಜ್ವರ ಬಂದಾಗ, ಆಸ್ಪತ್ರೆಯಲ್ಲಿ ಮಲಗಿರುವಾಗ ಸುಮ್ಮನೆ ಮಾಡಿಸಬೇಡಿ. ದೇಹ ಬೇರೆ ಕಾಯಿಲೆಯ ಜತೆ ಗುದ್ದಾಡುತ್ತಿರುವಾಗ ಈ ಅಂಕಿ ದಾರಿ ತಪ್ಪಿಸುತ್ತದೆ.

ಕೂದಲಿನ ಮಾತ್ರೆಯ ವಿಚಾರವನ್ನು ಬಿಡಿಸಿ ಹೇಳಲೇಬೇಕು. ಮೂವತ್ತು ದಾಟದ ಯುವಕನೊಬ್ಬ ರಿಪೋರ್ಟ್ ತಂದಿದ್ದ. ಟಿಎಸ್‌ಎಚ್ ನೆಲ ಕಚ್ಚಿತ್ತು, ಥೈರಾಯ್ಡ್ ಸುರಿಸುವ ಹಾರ್ಮೋನ್ ಟಿ4 ಮೇಲೇರಿತ್ತು. ಹಾಳೆಯ ಪ್ರಕಾರ ಥೈರಾಯ್ಡ್ ಉಕ್ಕಿ ಹರಿಯುತ್ತಿರಬೇಕು. ಆತನೋ ಹೊಟ್ಟೆ ತುಂಬ ಉಂಡು ನಿದ್ದೆ ಮಾಡುವ, ನಾಡಿ ಸರಿಯಾಗಿರುವ ಆಳು. ಜೇಬಿನಿಂದ ಹೊರಬಂದದ್ದು, ಕೂದಲು ಬೆಳೆಯಲೆಂದು ತಿನ್ನುವ ಹಣ್ಣಿನ ರುಚಿಯ ಬಯೋಟಿನ್ (ಒಂದು ಬಿ ವಿಟಮಿನ್) ಗಮ್ಮಿಗಳ ಡಬ್ಬಿ. ಅನೇಕ ಲ್ಯಾಬ್ ಯಂತ್ರಗಳು ಹಾರ್ಮೋನನ್ನು ಹಿಡಿಯಲು ಬಯೋಟಿನ್ನನ್ನೇ ಕೊಕ್ಕೆಯಂತೆ ಬಳಸುತ್ತವೆ. ರಕ್ತದಲ್ಲೇ ಅದು ತುಂಬಿದ್ದರೆ ಲೆಕ್ಕ ತಲೆಕೆಳಗು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ. ಹೆಚ್ಚಿನ ಪ್ರಮಾಣದಲ್ಲಿ ತಿನ್ನುತ್ತಿದ್ದರೆ ಇನ್ನೂ ಮೊದಲು. ನನ್ನನ್ನು ಕೇಳಿದರೆ, ಶಾಶ್ವತವಾಗಿಯೇ ನಿಲ್ಲಿಸಿ. ಬಯೋಟಿನ್ ಕೊರತೆಯೇ ಇಲ್ಲದವರ ಬೋಳುತಲೆಗೆ ಅದರಿಂದ ಆಗುವುದು ಏನೂ ಇಲ್ಲ.

ಮೂರನೆಯದು ಅಂಕಿ ಓದುವುದು. ಇಲ್ಲಿ ಓದುಬಲ್ಲವರೂ ಉಲ್ಟಾ ಹೊಡೆಯುತ್ತಾರೆ. ಟಿಎಸ್‌ಎಚ್ ಬರುವುದು ಥೈರಾಯ್ಡಿನಿಂದಲ್ಲ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ. ಎತ್ತು ನಿಧಾನವಾದಷ್ಟೂ ಬಾರುಕೋಲು ಜೋರು. ಟಿಎಸ್‌ಎಚ್ ಆ ಬಾರುಕೋಲು. ಹೆಚ್ಚಿದೆ ಎಂದರೆ ಸಾಮಾನ್ಯವಾಗಿ ಥೈರಾಯ್ಡ್ ಮಂದವಾಗಿದೆ ಎಂದು ಅರ್ಥ. ಸಾಮಾನ್ಯ ಮಿತಿ ಸುಮಾರು 0.4ರಿಂದ 4ರವರೆಗೆ, ಲ್ಯಾಬಿನಿಂದ ಲ್ಯಾಬಿಗೆ ತುಸು ವ್ಯತ್ಯಾಸ. 5 ಅಥವಾ 6 ಬಂದಿದ್ದು ಟಿ4 ಸರಿಯಾಗಿದ್ದರೆ ಗಾಬರಿ ಬೇಡ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದರೆ ಎಷ್ಟೋ ಜನರಲ್ಲಿ ತಾನಾಗಿ ಇಳಿದಿರುತ್ತದೆ. ವಯಸ್ಸಾದಂತೆ ಮೇಲಿನ ಮಿತಿ ಏರುವುದೂ ಸಹಜ. 10 ದಾಟಿದರೆ ಸಾಮಾನ್ಯವಾಗಿ ವೈದ್ಯರು ಚಿಕಿತ್ಸೆಗೆ ಕೈ ಹಾಕುತ್ತಾರೆ. ಪಿಟ್ಯುಟರಿಯೇ ಕೆಟ್ಟಿದ್ದರೆ ಬಾರುಕೋಲು ಏಳುವುದೇ ಇಲ್ಲ, ಟಿಎಸ್‌ಎಚ್ ಸರಿಯಿದ್ದಂತೆಯೇ ಕಾಣುತ್ತದೆ. ಅದಕ್ಕೇ ಅನುಮಾನವಿದ್ದಾಗ ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟದೆ ಉಳಿದ ಟಿ4) ಕೂಡ ಬರೆಯುವುದು.

ಟಿಎಸ್‌ಎಚ್ ತೀರಾ ಕಡಿಮೆಯಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಅತಿಯಾಗಿದೆ ಎಂದು ಅರ್ಥ. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ತೂಕ ಇಳಿಯುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ರಾತ್ರಿ ಗಡದ್ದಾಗಿ ಉಂಡು ಮಲಗಿದ ಯುವಕ ಬೆಳಗ್ಗೆ ಕಾಲು ಎತ್ತಲಾಗದೆ ಬಿದ್ದುಕೊಂಡಿರುತ್ತಾನೆ. ರಕ್ತದ ಪೊಟ್ಯಾಸಿಯಂ ಸ್ನಾಯುಗಳ ಒಳಕ್ಕೆ ಸರಿದು ಕೈಕಾಲು ಸೋಲುವ ಈ ತೊಂದರೆ ಏಷ್ಯಾದ ಗಂಡಸರಲ್ಲೇ ಹೆಚ್ಚು. ಎಣ್ಣೆ ತಿಕ್ಕುತ್ತ ಕೂರದೆ ನೇರ ಆಸ್ಪತ್ರೆಗೆ ಹೊರಡಿ.

ಈಗ ನಾಲ್ಕನೆಯ ಹೆಜ್ಜೆ, ಮಾತ್ರೆ ನುಂಗುವುದು. ಸುಲಭ ಎನಿಸುವುದರಿಂದಲೇ ಎಲ್ಲರೂ ಕೆಡಿಸುವುದು ಇಲ್ಲೇ. ಮಂದವಾದ ಥೈರಾಯ್ಡಿಗೆ ಕೊಡುವ ಲೆವೊಥೈರಾಕ್ಸಿನ್, ಅಂದರೆ ಟಿ4 ಹಾರ್ಮೋನಿನದೇ ಮಾತ್ರೆ, ಬಹಳ ಮಡಿವಂತ; ಹೊಟ್ಟೆಯಲ್ಲಿ ಬೇರೆ ಏನಿದ್ದರೂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜತೆ ನುಂಗಬೇಕು, ತಿಂಡಿಗೆ ಅರ್ಧದಿಂದ ಒಂದು ಗಂಟೆ ಅಂತರ ಬೇಕು. ‘ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳುತ್ತೇನೆ’ ಎನ್ನುವವರನ್ನು ಕೆದಕಿ ನೋಡಿ. ‘ಕಾಫಿ ಮಾತ್ರ ಕುಡಿದಿರುತ್ತೇನೆ’ ಎನ್ನುತ್ತಾರೆ. ನಮ್ಮ ಕಡೆ ಕಾಫಿ ಆಹಾರದ ಲೆಕ್ಕಕ್ಕೇ ಬರುವುದಿಲ್ಲ! ಹಾಲು ಹಾಕಿರಲಿ, ಬಿಡಲಿ, ಕಾಫಿ ಈ ಮಾತ್ರೆಯ ಶತ್ರು. ನಾನು ಹೇಳುವುದು ಪೂರಾ ಒಂದು ಗಂಟೆ. ಅರ್ಧ ಗಂಟೆ ಎಂದರೆ ಜನ ಹತ್ತು ನಿಮಿಷ ಮಾಡುತ್ತಾರೆ.

ಕಾಫಿಯಿಲ್ಲದೆ ಕಣ್ಣೇ ಬಿಡದವರಿಗೆ ಎರಡು ದಾರಿಗಳಿವೆ. ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವ ಮುನ್ನ ನುಂಗುವುದು ಒಂದು. ಆದರೆ ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗುವ ಮನೆಗಳಲ್ಲಿ ಅದು ನಡೆಯದ ಮಾತು. ಇನ್ನೊಂದು ನನ್ನದೇ ಪದ್ಧತಿ. ಅರವತ್ತರ ಹತ್ತಿರವಾದ ಗಂಡಸು ನಾಲ್ಕು ಗಂಟೆಗೆ ಮೂತ್ರಕ್ಕೆ ಹೇಗೂ ಏಳುತ್ತಾನೆ. ಮಲಗುವಾಗಲೇ ಒಂದೇ ಒಂದು ಮಾತ್ರೆಯನ್ನು ಸಣ್ಣ ಬಟ್ಟಲಿಗೆ ಹಾಕಿ ನೀರಿನ ತಂಬಿಗೆಯ ಪಕ್ಕ ಇಡುತ್ತೇನೆ. ಹಿಂದಿರುಗಿ ಬಂದು ನುಂಗಿ ಮಲಗುತ್ತೇನೆ. ಬಾಟಲಿಯನ್ನೇ ಇಟ್ಟರೆ ನಿದ್ದೆಗಣ್ಣಿನಲ್ಲಿ ಎರಡು ನುಂಗಿಬಿಡಬಹುದು. ಬಟ್ಟಲು ಖಾಲಿಯಿದ್ದರೆ ನುಂಗಿದೆ ಎಂದು ಅರ್ಥ, ಬೆಳಗ್ಗೆ ಗೊಂದಲವಿಲ್ಲ. ಆರಕ್ಕೆ ಕಾಫಿ, ಯಾರ ಹಂಗೂ ಇಲ್ಲ.

ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ, ಗುಲಾಬಿ ಬಣ್ಣದ ಗ್ಯಾಸ್ ಟಾನಿಕ್ ಇವಕ್ಕೆ ನಾಲ್ಕು ಗಂಟೆ ಅಂತರ ಕೊಡಿ. ಪ್ಯಾಂಟಪ್ರಜೋಲ್ ಹಾಗಲ್ಲ; ಅದು ಹೊಟ್ಟೆಯ ಆಮ್ಲವನ್ನೇ ತಗ್ಗಿಸುವುದರಿಂದ ಎಷ್ಟು ಹೊತ್ತು ಬಿಟ್ಟು ನುಂಗಿದರೂ ಪರಿಣಾಮ ಇದ್ದೇ ಇರುತ್ತದೆ. ದಿನವೂ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳಿದರೆ ಪ್ರಮಾಣ ಸರಿಹೊಂದಿಸುತ್ತಾರೆ.

ಹೆಂಡತಿಯ ಬಾಟಲಿಯಿಂದ ಎರವಲು ಪಡೆಯುವ ಗಂಡಂದಿರು ಇನ್ನೊಂದು ಜಾತಿ. ‘ಅದೇ ಥೈರಾಯ್ಡ್ ಮಾತ್ರೆ ತಾನೇ?’ ಅಲ್ಲ. ಗ್ರಂಥಿ ಪೂರ್ತಿ ನಿಂತಿದ್ದರೆ ತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ ಬೇಕು, 70 ಕಿಲೋದವರಿಗೆ 110ರ ಆಸುಪಾಸು. ಹೃದ್ರೋಗವಿದ್ದವರಿಗೆ 12.5 ಅಥವಾ 25ರಿಂದ ಶುರು ಮಾಡುತ್ತಾರೆ, ಒಮ್ಮೆಲೇ ಹೆಚ್ಚು ನುಂಗಿದರೆ ಎದೆನೋವು, ಹೃದಯದ ಬಡಿತ ತಪ್ಪುವುದು ಎಲ್ಲ ಕಾಣಿಸಿಕೊಳ್ಳಬಹುದು. ಸಮುದ್ರಪಾಚಿಯ ‘ಥೈರಾಯ್ಡ್ ಬೂಸ್ಟರ್’ ಪುಡಿಗಳನ್ನಂತೂ ಮುಟ್ಟಬೇಡಿ. ಅತಿಯಾದ ಅಯೋಡಿನ್ ಮಂದವಾದ ಗ್ರಂಥಿಯನ್ನು ಇನ್ನಷ್ಟು ಮಂದ ಮಾಡಬಲ್ಲದು.

ಬಾಟಲಿಯನ್ನು ಒಲೆಯ ಪಕ್ಕದ ಕಪಾಟಿನಲ್ಲಿ ಇಡಬೇಡಿ, ಶಾಖ ಮತ್ತು ತೇವ ಎರಡೂ ಈ ಮಾತ್ರೆಗೆ ಆಗದು.

ಕೊನೆಯದು ಮರುಪರೀಕ್ಷೆ. ಮಾತ್ರೆಯಲ್ಲಿರುವ ಈ ಹಾರ್ಮೋನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಹೀಗಾಗಿ ಪ್ರಮಾಣ ಬದಲಿಸಿದ ಹದಿನೈದೇ ದಿನಕ್ಕೆ ಲ್ಯಾಬಿಗೆ ಓಡಿದರೆ ದುಡ್ಡು ದಂಡ; ಆರರಿಂದ ಎಂಟು ವಾರ ಕಾಯಿರಿ. ಆ ದಿನ ರಕ್ತ ಕೊಟ್ಟ ಮೇಲೆಯೇ ಮಾತ್ರೆ. ದಿನಾಂಕ ಮರೆಯುತ್ತದೆ ಎನ್ನುವವರಿಗೆ ಹೊಸ ಬಾಟಲಿ ಕೊಡುವಾಗ ನಾನೇ ಮುಚ್ಚಳದ ಮೇಲೆ ಮಾರ್ಕರ್ ಪೆನ್ನಿನಿಂದ ಬರೆದುಕೊಡುತ್ತೇನೆ: ತಾರೀಖು, ಅದರ ಕೆಳಗೆ ‘ಕಾಫಿ ಇಲ್ಲ’.