ಮಾಲ್ಡೀವ್ಸ್‌ಗೆ ಹೊರಡುವ ಮುನ್ನ ಹೆಸರು ಸರಿಮಾಡಿಕೊಳ್ಳಿ, ತೋಟದ ಕಾಗದ ನೋಡಿಕೊಳ್ಳಿ

ಅಕ್ಕನ ಮಗನಿಗೆ ಮಾಲ್ಡೀವ್ಸ್‌ನ ರೆಸಾರ್ಟೊಂದರಿಂದ ಆಫರ್ ಲೆಟರ್ ಬಂದಾಗ ಮನೆಯವರೆಲ್ಲ ವೀಸಾದ ಚಿಂತೆಯಲ್ಲಿದ್ದರು. ವೀಸಾದ ಕೆಲಸವನ್ನು ಆ ಕಡೆಯವರೇ ಮುಗಿಸಿಕೊಟ್ಟರು. ಮೂರು ತಿಂಗಳು ಹಿಡಿದದ್ದು ಅವನ ಹೆಸರು. ಆಮೇಲೆ ತೋಟದ ಕಾಗದ. ದ್ವೀಪಕ್ಕೆ ಹೋಗುವ ಕೊಡಗಿನವರ ಕಚೇರಿ ಅಲೆದಾಟದಲ್ಲಿ ಮುಕ್ಕಾಲು ಪಾಲು ನಮ್ಮೂರಲ್ಲೇ ಇದೆ ಎಂಬುದು ಅವನ ಜೊತೆ ಓಡಾಡಿ ನನಗೆ ಗೊತ್ತಾಯಿತು.

ಮೊದಲು ಹೆಸರು

ನಮ್ಮಲ್ಲಿ ಮನೆತನದ ಹೆಸರು ಮುಂದೆ, ನಮ್ಮ ಹೆಸರು ಹಿಂದೆ. ಶಾಲೆಯ ಮಾರ್ಕ್ಸ್ ಕಾರ್ಡಿನಲ್ಲಿ ಮನೆತನ ಒಂದು ಇನಿಷಿಯಲ್ ಆಗಿರುತ್ತದೆ, ಅಪ್ಪನ ಹೆಸರು ಇನ್ನೊಂದು. ಆಧಾರ್‌ನಲ್ಲಿ ಮನೆತನ ಕೊನೆಗೆ ಹೋಗಿರುತ್ತದೆ. ಪ್ಯಾನ್‌ನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಮನೆತನದ ಕೊನೆಯ ‘ಂಡ’ವನ್ನು ಇಂಗ್ಲಿಷಿನಲ್ಲಿ ಒಬ್ಬ ಗುಮಾಸ್ತ ಕೂಡಿಸಿ ಬರೆದರೆ ಇನ್ನೊಬ್ಬ ಬಿಡಿಸಿ ಬರೆದಿರುತ್ತಾನೆ. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಹೆಸರು ಹೇಗೇ ಬರೆದಿರಲಿ, ಯಾವ ಒಕ್ಕದ, ಅಂದರೆ ಯಾವ ಮನೆತನದ ಹುಡುಗ ಎಂದು ಅಂಚೆಯಣ್ಣನಿಗೂ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ.

ಹಾಗಾಗಿ ಒಂದು ಸಂಜೆ ಕೂತು ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಮೇಜಿನ ಮೇಲೆ ಹರಡಿ. ಅಕ್ಷರ ಅಕ್ಷರ ಹೋಲಿಸಿ. ಮಾರ್ಕ್ಸ್ ಕಾರ್ಡನ್ನು ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭದ ದಾರಿ, ಏಕೆಂದರೆ ಬೋರ್ಡಿನಲ್ಲಿ ತಿದ್ದಿಸುವುದು ಎಲ್ಲಕ್ಕಿಂತ ನಿಧಾನ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಹಾಗೇ ಬಿಡಬೇಡಿ, ಬಿಡಿಸಿ ಬರೆಯಬೇಕು. ಮನೆತನವನ್ನು ಸರ್‌ನೇಮ್ ಜಾಗದಲ್ಲಿ ಹಾಕಿ. ವಿಮಾನದ ಟಿಕೆಟ್, ವೀಸಾ, ಸಂಬಳದ ಖಾತೆ ಎಲ್ಲವೂ ಅದನ್ನೇ ಹಿಡಿದು ನಡೆಯುತ್ತವೆ. ಮದುವೆಯಾಗಿ ಮನೆತನ ಬದಲಾದ ಹೆಣ್ಣುಮಕ್ಕಳು ಯಾವ ಹೆಸರಿನಲ್ಲಿ ಹೋಗುವುದೆಂದು ಈಗಲೇ ನಿರ್ಧರಿಸಲಿ. ಅರ್ಧ ದಾಖಲೆ ತವರಿನದು, ಅರ್ಧ ಗಂಡನ ಮನೆಯದು ಆದರೆ ಪ್ರತಿ ಕಿಟಕಿಯಲ್ಲೂ ಪ್ರಶ್ನೆ.

ಪಾಸ್‌ಪೋರ್ಟ್

36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಬೇಕಿದ್ದರೆ ಇನ್ನೂ 2,000. ಅರ್ಜಿ ಆನ್‌ಲೈನ್. ಅಪಾಯಿಂಟ್‌ಮೆಂಟ್ ಮೈಸೂರಿನಲ್ಲೂ ಸಿಗುತ್ತದೆ, ಮಂಗಳೂರಿನಲ್ಲೂ. ನಿಮಗೆ ಯಾವ ಬಸ್ಸು ಅನುಕೂಲವೋ ನೋಡಿಕೊಳ್ಳಿ. ದೇಶದಲ್ಲಿ ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಸೇವೆ ಶುರುವಾದದ್ದೇ 2017ರ ಜನವರಿಯಲ್ಲಿ, ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ.

ಜನನ ಪ್ರಮಾಣಪತ್ರ ಇಲ್ಲವೆಂದು ಹೆದರುವವರಿದ್ದಾರೆ. ಅದೊಂದೇ ಪುರಾವೆಯಾಗಬೇಕು ಎಂಬ ನಿಯಮ 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ. ಕೆಲಸಕ್ಕೆ ಹೊರಟವರಿಗೆ ಮಾರ್ಕ್ಸ್ ಕಾರ್ಡ್ ನಡೆಯುತ್ತದೆ. ಹತ್ತನೇ ತರಗತಿ ಪಾಸಾದ ದಾಖಲೆಯನ್ನು ಮಾತ್ರ ತಪ್ಪದೆ ಕೊಡಿ. ಇಲ್ಲದಿದ್ದರೆ ಪಾಸ್‌ಪೋರ್ಟಿಗೆ ‘ಇಸಿಆರ್’ ಮುದ್ರೆ ಬೀಳುತ್ತದೆ, ಅಂದರೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ಪ್ರತ್ಯೇಕ ಅನುಮತಿ ಬೇಕು. ಮಾಲ್ಡೀವ್ಸ್ ಆ ಪಟ್ಟಿಯಲ್ಲಿಲ್ಲ, ಇಂಡೋನೇಷ್ಯಾ ಇದೆ. ನಾಳೆ ಬಾಲಿಯಿಂದ ಕರೆ ಬಂದರೆ ಆಗ ನೆನಪಾಗುತ್ತದೆ.

ಇದೆಲ್ಲ ಮೇ ತಿಂಗಳೊಳಗೆ ಮುಗಿಯಲಿ. ಜೂನ್ ಜುಲೈಯ ಮಳೆಯಲ್ಲಿ ಕರೆಂಟಿಲ್ಲದೆ, ಟವರ್ ಇಲ್ಲದೆ ದಾಖಲೆ ಅಪ್‌ಲೋಡ್ ಮಾಡಲು ಕೂತವರಿಗೆ ನಾನು ಏಕೆ ಹೇಳುತ್ತಿದ್ದೇನೆಂದು ಗೊತ್ತು.

ಆಫರ್ ಬಂದ ಮೇಲೆ

ಭಾರತೀಯರು ಪ್ರವಾಸಿಗರಾಗಿ ಮಾಲ್ಡೀವ್ಸ್‌ಗೆ ಹೋದರೆ ಇಳಿದ ಮೇಲೆ 90 ದಿನದ ಅನುಮತಿ ಉಚಿತವಾಗಿ ಸಿಗುತ್ತದೆ. ಮೋಸವೂ ಇಲ್ಲಿಂದಲೇ. “ಟೂರಿಸ್ಟ್ ಆಗಿ ಬಾ, ಅಲ್ಲಿ ವರ್ಕ್ ವೀಸಾ ಮಾಡಿಸೋಣ” ಎನ್ನುವ ಏಜೆಂಟನ ಮಾತು ನಂಬಬೇಡಿ. ಆ ಅನುಮತಿಯಲ್ಲಿ ಕೆಲಸ ಮಾಡುವುದು ಕಾನೂನುಬಾಹಿರ. ಕೆಲಸ ಕೊಡುವವರು ಅಲ್ಲಿನ ಸರ್ಕಾರದಿಂದ ಉದ್ಯೋಗ ಅನುಮೋದನೆ ಪಡೆದು, ಅದರ ಪ್ರತಿ ನಿಮಗೆ ಕಳಿಸಬೇಕು. ಅದು ಕೈಗೆ ಬರುವವರೆಗೆ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಏಜೆಂಟ್ ಮೂಲಕ ಹೋಗುವುದಾದರೆ ಅವರ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ. ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ರಸೀದಿ ಕೇಳಿ. ಕೇಳಿದ್ದಕ್ಕೆ ಮುಖ ಗಂಟು ಹಾಕಿದರೆ ಅಲ್ಲಿಂದ ಎದ್ದು ಬನ್ನಿ.

ಕರಾರಿನಲ್ಲಿ ಮೂಲ ಸಂಬಳವೆಷ್ಟು, ಸರ್ವಿಸ್ ಚಾರ್ಜ್ ಹೇಗೆ ಎಂದು ಬೇರೆಬೇರೆಯಾಗಿ ನೋಡಿ. ಅಲ್ಲಿ ಅತಿಥಿಗಳ ಬಿಲ್ಲಿಗೆ ಸೇರುವ ಶೇ 10ರ ಸರ್ವಿಸ್ ಚಾರ್ಜ್ ನೌಕರರಿಗೆ ಹಂಚಿಕೆಯಾಗುತ್ತದೆ. ಸೀಸನ್ ಇಲ್ಲದ ತಿಂಗಳಲ್ಲಿ ಅದು ಇಳಿಯುತ್ತದೆ, ಸೀಸನ್ನಿನ ಲೆಕ್ಕ ತೋರಿಸಿ ಆಸೆ ಹುಟ್ಟಿಸುವವರಿದ್ದಾರೆ. ಪೊಲೀಸ್ ನಡತೆ ಪ್ರಮಾಣಪತ್ರ (ಪಿಸಿಸಿ) ಕೇಳಿದರೆ ಪಾಸ್‌ಪೋರ್ಟ್ ಸೇವೆಯ ಮೂಲಕವೇ 500 ರೂಪಾಯಿ ಕಟ್ಟಿ ಅರ್ಜಿ ಹಾಕಿ.

ಬಿಟ್ಟು ಹೋಗುವ ಕಾಗದ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕೆಲಸಕ್ಕೆಂದು ದೇಶ ಬಿಟ್ಟ ದಿನದಿಂದ ವಿದೇಶಿ ವಿನಿಮಯ ಕಾನೂನಿನ ಕಣ್ಣಿನಲ್ಲಿ ನೀವು ಅನಿವಾಸಿ. ಅನಿವಾಸಿ ಭಾರತೀಯರು ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ದಾನವಾಗಿ ಪಡೆಯುವಂತೆಯೂ ಇಲ್ಲ. ಈಗಾಗಲೇ ನಿಮ್ಮ ಹೆಸರಿನಲ್ಲಿರುವ ತೋಟ ನಿಮ್ಮದಾಗಿಯೇ ಉಳಿಯುತ್ತದೆ, ಪಿತ್ರಾರ್ಜಿತವಾಗಿ ಬರುವುದಕ್ಕೂ ಅಡ್ಡಿಯಿಲ್ಲ. ಆದರೆ ‘ಮಗ ಸಂಪಾದಿಸಿ ಕಳಿಸಲಿ, ಪಕ್ಕದ ಎರಡು ಎಕರೆ ಕಾಫಿ ಅವನ ಹೆಸರಿಗೇ ತೆಗೆದುಕೊಳ್ಳೋಣ’ ಎನ್ನುವ ಲೆಕ್ಕ ನಡೆಯುವುದಿಲ್ಲ. ಅಪ್ಪ ದಾನಪತ್ರ ಬರೆದುಕೊಡುವ ಯೋಚನೆಯಲ್ಲಿದ್ದರೆ ಹೊರಡುವ ಮುನ್ನವೇ ವಕೀಲರನ್ನು ಕಾಣಿ. ತಾತನ ಹೆಸರಿನಲ್ಲೇ ಉಳಿದಿರುವ ಆರ್‌ಟಿಸಿಗೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ವರ್ಗಾವಣೆ, ಆಗಬೇಕಿದ್ದರೆ ಅದನ್ನೂ ಈಗಲೇ ಹಿಡಿಯಿರಿ. ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನಲ್ಲಿ ಒಕ್ಕದ ಹಿರಿಯರಾದ ಪಟ್ಟೇದಾರರ ಜೊತೆ ನಿಮ್ಮ ಹೆಸರೂ ಇದ್ದರೆ ಒಕ್ಕದವರಿಗೆ ನಿಮ್ಮ ಸಹಿ ಯಾವಾಗ ಬೇಕಾಗುತ್ತದೋ ಹೇಳಲಾಗದು.

ಆ ಸಹಿಗಾಗಿಯೇ ಜಿಪಿಎ. ಅಣ್ಣನಿಗೋ ಹೆಂಡತಿಗೋ ಅಧಿಕಾರ ಪತ್ರ ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ತೋಟ ನೋಡಿಕೊಳ್ಳುವುದು, ಸೊಸೈಟಿಯ ಬೆಳೆ ಸಾಲದ ವ್ಯವಹಾರ, ಕಾಫಿ ಮಾರಾಟ, ಕಂದಾಯ ಇವಷ್ಟೂ ಅದರಲ್ಲಿರಲಿ. ಜಮೀನು ಮಾರುವ ಅಧಿಕಾರ ಕೊಡಬೇಡಿ ಎಂಬುದು ನನ್ನ ಅಭಿಪ್ರಾಯ, ಅಣ್ಣ ಎಷ್ಟೇ ಒಳ್ಳೆಯವರಾಗಿರಲಿ. ಬೆಳೆ ಸಾಲಕ್ಕೆ ಜಿಪಿಎ ಒಪ್ಪುತ್ತಾರೋ, ನೀವೇ ಬರಬೇಕೆನ್ನುತ್ತಾರೋ ಎಂದು ಸೊಸೈಟಿಯ ಕಾರ್ಯದರ್ಶಿಯನ್ನು ಮೊದಲೇ ಕೇಳಿ. ಮರೆತು ಹೋದರೆ ಅಲ್ಲಿನ ರಾಜಧಾನಿ ಮಾಲೆಯ ಭಾರತೀಯ ಹೈಕಮಿಷನ್‌ನಲ್ಲಿ ಜಿಪಿಎ ದೃಢೀಕರಿಸಿ ಕಳಿಸಬಹುದು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ನಿಮ್ಮ ರೆಸಾರ್ಟಿನ ದ್ವೀಪದಿಂದ ಮಾಲೆಗೆ ಬರಲು ಸ್ಪೀಡ್ ಬೋಟೋ ಸೀಪ್ಲೇನೋ ಬೇಕು, ರಜೆಯೂ ಬೇಕು. ಮಡಿಕೇರಿಗೆ ಹೋಗಿ ಬರುವಷ್ಟು ಸಲೀಸಲ್ಲ.

ಬ್ಯಾಂಕಿನ ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಆಗಿ ಬದಲಿಸಲು ಹೇಳಿ, ಅಲ್ಲಿನ ಸಂಬಳ ಕಳಿಸಲು ಎನ್‌ಆರ್‌ಇ ಖಾತೆ ತೆರೆಯಿರಿ.

ಪೆಟ್ಟಿಗೆ ಕಟ್ಟುವಾಗ

ವಿಮಾನ ಹೊರಡುವ ಹಿಂದಿನ 96 ಗಂಟೆಗಳೊಳಗೆ ‘ಇಮುಗ’ ಎಂಬ ಅಲ್ಲಿನ ವಲಸೆ ಇಲಾಖೆಯ ತಾಣದಲ್ಲಿ ಪ್ರಯಾಣಿಕರ ಘೋಷಣೆ ತುಂಬಬೇಕು. ಉಚಿತ. ಹಣ ಕೇಳಿದರೆ ಅದು ಬೇರೆ ಯಾರದ್ದೋ ತಾಣ.

ಮಾಲ್ಡೀವ್ಸ್‌ಗೆ ಮದ್ಯ, ಹಂದಿಮಾಂಸ, ಪೂಜೆಯ ವಿಗ್ರಹ ತರುವಂತಿಲ್ಲ. ಅಕ್ಕ ಮಗನ ಪೆಟ್ಟಿಗೆಯಲ್ಲಿ ಇಟ್ಟದ್ದು ಸರಿಯಾಗಿ ಈ ಮೂರನ್ನೇ: ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನ್, ಪಂದಿ ಉಪ್ಪಿನಕಾಯಿ, ಕಾವೇರಮ್ಮನ ಪುಟ್ಟ ಮೂರ್ತಿ. “ಚಿಕ್ಕಮ್ಮ, ನೀವೇ ಅಮ್ಮನಿಗೆ ಹೇಳಿ” ಎಂದು ನನ್ನ ಮೇಲೆ ಹಾಕಿದ. ಉಪ್ಪಿನಕಾಯಿ ನಮ್ಮ ಮನೆಗೆ ಬಂತು.

ಇಳಿದ ಮೇಲೆ ವೈದ್ಯಕೀಯ ತಪಾಸಣೆ, ಆಮೇಲೆ ವರ್ಕ್ ವೀಸಾ, ಎರಡನ್ನೂ ರೆಸಾರ್ಟಿನವರು ಮಾಡಿಸುತ್ತಾರೆ. ಪಾಸ್‌ಪೋರ್ಟ್, ಕರಾರು, ಅನುಮೋದನೆಯ ಪ್ರತಿಗಳು ನಿಮ್ಮ ಫೋನಿನಲ್ಲೂ ಇರಲಿ, ಮನೆಯಲ್ಲಿ ಒಬ್ಬರ ಫೋನಿನಲ್ಲೂ ಇರಲಿ. ಅಲ್ಲಿನ ಉದ್ಯೋಗ ಕಾನೂನಿನ 30 ದಿನದ ಸಂಬಳ ಸಹಿತ ರಜೆ ವರ್ಷ ತುಂಬಿದ ಮೇಲೆ ಸಿಗುವುದು. ಮೊದಲ ಪುತ್ತರಿಗೆ, ನಮ್ಮ ಸುಗ್ಗಿ ಹಬ್ಬಕ್ಕೆ, ಕದಿರು ತೆಗೆಯಲು ನೀವಿರುವುದಿಲ್ಲ, ಅದನ್ನು ಮನೆಯಲ್ಲಿ ಈಗಲೇ ಹೇಳಿಬಿಡಿ.